ಸುತ್ತುವ ಮರಿಗಳು

ತೊಟ್ಟಿಗಳ ಕೋಣೆಯ ದೀಪ ಹಾಕಿದ ಕೂಡಲೇ ಪಟ್ಟೆಪಟ್ಟೆಯ ಜೀಬ್ರಾ ಮೀನುಗಳು ಗಾಜಿನ ಬಳಿ ನುಗ್ಗಿದವು. ಬಿಶಾಖಾ ಮಂಡಲ್ ಒಂದೊಂದೇ ತೊಟ್ಟಿಗೆ ಮೇವು ಹಾಕುತ್ತ ನಡೆದಳು. ಕ್ಯಾನಿಂಗ್ ಎಂಬ ಊರಿನ ಕಡೆ ಕೊಳಗಳಲ್ಲಿ ಮೀನು ಸಾಕುವವರ ಮನೆಯ ಮಗಳು ಅವಳು. ಕೋಲ್ಕತ್ತದ ಆ ಪ್ರಯೋಗಾಲಯದಲ್ಲಿ ತನ್ನ ಕೈಕೆಳಗೆ ಒಂದೂ ಕಾಯಿಲೆ ಮೀನಿಲ್ಲ ಎಂಬ ಹೆಮ್ಮೆ ಅವಳಿಗೆ ಚೆನ್ನಾಗಿಯೇ ಇತ್ತು.

ಆ ಹೆಮ್ಮೆಯೇ ಎಡವಟ್ಟು ಮಾಡಿತ್ತು.

"ಬಿಶಾಖಾ ದೀದಿ, ಈ ತಟ್ಟೇಲಿ ಗಿರಗಿರ ಸುತ್ತೋ ಮರಿಗಳಿದ್ವಲ್ಲ, ಎಲ್ಲಿ?" ಎಂದು ವಿಜ್ಞಾನಿ ಸಂಹಿತಾ ಲಾಹಿರಿ ಕೇಳಿದಳು.

"ಬಿಸಾಕ್ದೆ ಮೇಡಂ. ಸುತ್ತುತ್ವೆ, ಸೆಟೆದು ಮಗುಚಿಕೊಳ್ತವೆ. ನಮ್ಮಪ್ಪ ಅಂಥವನ್ನ ಒಂದು ದಿನಾನೂ ಇಟ್ಕೊಳ್ತಿರಲಿಲ್ಲ. ನಾಳೆ ಇಲ್ಲಿ ಕೆಲಸ ಮಾಡೋರ ಮನೆಯವರೆಲ್ಲ ಲ್ಯಾಬ್ ನೋಡೋಕೆ ಬರೋ ದಿನ, ನಮ್ಮನೆಯವರೂ ಬರ್ತಾರೆ, ಮರ್ಯಾದೆ ಪ್ರಶ್ನೆ."

ಸಂಹಿತಾ ಸ್ಟೂಲಿನ ಮೇಲೆ ಕುಸಿದಳು. ಬೈಯಲಿಲ್ಲ. "ಅವಕ್ಕೆ ಬರೋದು ಫಿಟ್ಸ್. ಮೂರ್ಛೆ ರೋಗ ಇರೋ ಕೆಲವು ಮಕ್ಕಳಲ್ಲಿ ಕೆಟ್ಟಿರೋ ಜೀನನ್ನೇ ಆ ಮರಿಗಳಲ್ಲೂ ಕೆಡಿಸಿದ್ವಿ. ಯಾವ ಔಷಧಿಗೆ ನಿಲ್ಲುತ್ತೆ ಅಂತ ಅವೇ ಹೇಳ್ಬೇಕಿತ್ತು."

ಬಿಶಾಖಾಳ ಕೈ ನಿಂತಿತು. ಅವಳ ಹದಿನಾರರ ಮಗಳು ಝಿನುಕ್‌ಗೆ ಇದ್ದದ್ದೂ ಅದೇ. ನೆಂಟರು ಬಂದರೆ ಅವಳನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದರು. ಫಿಟ್ಸ್ ಬಂದರೆ ಅತ್ತೆ ಅವಳ ಮೂಗಿಗೆ ಚಪ್ಪಲಿ ಹಿಡಿಯುತ್ತಿದ್ದರು. ಬಿಶಾಖಾ ಕೆಲಸಕ್ಕೆ ಸೇರಿ ಆರು ವರ್ಷವಾದರೂ ಇಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

"ನಮ್ಮತ್ತೆ ಅದನ್ನ ದೆವ್ವ ಮೆಟ್ಟೋದು ಅಂತಾರೆ ಮೇಡಂ."

"ಐದು ದಿನದ ಮೀನಿನ ಮರಿಗೆ ಯಾವ ದೆವ್ವ ಮೆಟ್ಟುತ್ತೆ, ಹೇಳಿ?"

ಬಿಶಾಖಾ ನಗಲು ಹೋದಳು, ಆಗಲಿಲ್ಲ. ಮರಿಗಳನ್ನು ಎಸೆದದ್ದಕ್ಕಿಂತ ಮಗಳನ್ನು ಬಚ್ಚಿಟ್ಟದ್ದಕ್ಕೆ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಅದೇ ತಳಿಯ ಇನ್ನೊಂದು ತಟ್ಟೆ ಉಳಿದಿತ್ತು. ಮಧ್ಯಾಹ್ನದ ಮಂಡಕ್ಕಿಯನ್ನೂ ಮುಟ್ಟದೆ ಅದರ ಮುಂದೆ ಕುಳಿತು, ಸುತ್ತುವ ಹನ್ನೊಂದು ಮರಿಗಳನ್ನು ಹೆಕ್ಕಿ ಬೇರೆ ಇಟ್ಟಳು.

"ಇಷ್ಟು ಬೇಗ ನಮ್ಮ ಕ್ಯಾಮೆರಾನೂ ಗುರುತು ಹಿಡಿಯಲ್ಲ," ಎಂದಳು ಸಂಹಿತಾ.

"ಮೀನು ನೋಡೋದು ನನಗೆ ಕಲಿಸ್ಬೇಕಾ?" ಎಂದಳು ಬಿಶಾಖಾ.

ಮರುದಿನ ಅವಳು ಅತ್ತೆಯ ಜೊತೆ ಝಿನುಕ್‌ಳನ್ನೂ ಕರೆತಂದಳು. "ಇವಳ್ಯಾಕೆ ಜನರ ಮಧ್ಯೆ? ನಾಳೆ ಮದುವೆ ಆಗ್ಬೇಕಾದ ಹುಡುಗಿ," ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಅವರ ಹೆದರಿಕೆಯೂ ಸುಳ್ಳೇನಲ್ಲ.

ಎಲ್ಲರಿಗೂ ಚಿಕ್ಕಮ್ಮನಂತಿದ್ದ ಕ್ಯಾಂಟೀನಿನ ಬುಲಾ ಮಾಶಿ ಆ ಹನ್ನೊಂದು ಮರಿಗಳ ತಟ್ಟೆಯತ್ತ ಬಗ್ಗಿದರು. "ಇದಕ್ಕೇನಾಗಿದೆ? ಸುತ್ತುತ್ತಿದೆಯಲ್ಲ."

"ನನ್ನ ಮಗಳಿಗಿರೋ ಕಾಯಿಲೇನೇ ಇದಕ್ಕೂ ಇದೆ ಮಾಶಿ," ಎಂದಳು ಬಿಶಾಖಾ, ಎಲ್ಲರಿಗೂ ಕೇಳುವಂತೆ. "ನನ್ನ ಕೋಣೇಲಿ ಎಲ್ಲಕ್ಕಿಂತ ಬೆಲೆಬಾಳೋ ಮೀನು ಇವೇ."

ಅತ್ತೆ ಸೆರಗನ್ನು ಬಾಯಿಗೆ ಹಿಡಿದರು. ಝಿನುಕ್ ಅಮ್ಮನ ಮುಖ ನೋಡಿದಳು. ಆಮೇಲೆ ಸ್ಟೂಲೊಂದನ್ನು ಎಳೆದು ಸೂಕ್ಷ್ಮದರ್ಶಕದ ಮುಂದಿಟ್ಟು, "ಠಾಕುಮಾ, ಬಾ ಇಲ್ಲಿ. ನನಗೆ ಏನಾಗುತ್ತೆ ಅಂತ ನೋಡು," ಎಂದು ಅಜ್ಜಿಯ ಕೈ ಹಿಡಿದಳು.