ನೀಲಿ ಮಣ್ಣು

ಅಣ್ಣ ಅಗೆಯುವವನು, ತಂಗಿ ಅರೆಯುವವಳು ಎಂದು ಮನೆಯವರು ನಗುತ್ತಿದ್ದರು. ಅವನು ನೆಲದಡಿಯಿಂದ ರೋಮನ್ನರ ಕಾಲದ ಮಡಕೆ ಚೂರುಗಳನ್ನು ಎತ್ತಿ ತರುತ್ತಿದ್ದ. ಅವಳು ಪ್ರಯೋಗಾಲಯದಲ್ಲಿ ಅದರಿಂದ ಉಗುರಿನಷ್ಟು ಕತ್ತರಿಸಿ, ಅರ್ಧವನ್ನು ಪುಡಿ ಮಾಡಿ ಯಂತ್ರಕ್ಕೆ ಕೊಟ್ಟು, ಉಳಿದರ್ಧವನ್ನು ಗಾಜಿಗೆ ಅಂಟಿಸಿ ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿ, ಆ ಮಣ್ಣು ಯಾವ ಕಡೆಯದು ಎಂದು ಪತ್ತೆ ಹಚ್ಚುತ್ತಿದ್ದಳು. ನಾನು ಮಗುವಿನ ಹಾಗೆ ಎತ್ತಿಕೊಂಡು ಬಂದದ್ದನ್ನು ಇವಳು ಕುಟ್ಟಿ ಪುಡಿ ಮಾಡುತ್ತಾಳೆ, ಇವಳು ತಂಗಿಯೋ ಶತ್ರುವೋ ಎಂದು ಅವನು ಎಲ್ಲರೆದುರೂ ಕಿಚಾಯಿಸುತ್ತಿದ್ದ.

ಊರಾಚೆ ಬತ್ತಿದ ಹೊಳೆಯ ಪಕ್ಕದ ಬಯಲಿನಲ್ಲಿ ಅವನಿಗೆ ಕೆಂಪು ಹೊಳಪಿನ ಬಟ್ಟಲುಗಳ ಚೂರುಗಳು ರಾಶಿರಾಶಿಯಾಗಿ ಸಿಕ್ಕವು. ಪಕ್ಕದಲ್ಲೇ ಸುಟ್ಟು ಗಟ್ಟಿಯಾದ ನೆಲ. ಇಂಥ ಬಟ್ಟಲುಗಳೆಲ್ಲ ಸಮುದ್ರದಾಚೆಯ ದೊಡ್ಡ ಕಾರ್ಖಾನೆಗಳಿಂದ ಹಡಗಿನಲ್ಲಿ ಬಂದವು ಎಂದು ತಿಳಿದವರೆಲ್ಲ ಹೇಳುತ್ತಿದ್ದರು. ಅವನು ಮಾತ್ರ ಇಲ್ಲೇ ಕುಂಬಾರರು ಮಡಕೆ ಸುಡುವ ಆವಿಗೆ ಇತ್ತು, ಇಲ್ಲೇ ಮಾಡಿದ್ದು ಎಂದು ಪಟ್ಟು ಹಿಡಿದ. ಆ ಬಯಲು ಆಗಲೇ ಒಂದು ಕಂಪನಿಯ ಗೋದಾಮಿಗೆ ಮಂಜೂರಾಗಿತ್ತು. ಬಟ್ಟಲುಗಳು ಇಲ್ಲಿಯವೇ ಎಂದು ಸಾಬೀತಾದರೆ ಕಟ್ಟಡ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಜಾಗ ಬಿಡಿ ಎಂದು ಅವನ ಕಚೇರಿಯ ಮೇಲಿನವರು ಹೇಳಿದರು. ಸಾಬೀತು ಮಾಡಬೇಕಾದವಳು ತಂಗಿ.

ಅವಳು ಹೊಳೆಯ ದಂಡೆ, ಬಯಲು, ಹತ್ತಿರದ ಇಟ್ಟಿಗೆ ಗೂಡು ಎಲ್ಲ ಕಡೆಯ ಮಣ್ಣು ತಂದಳು. ಬಟ್ಟಲಿನ ಮಣ್ಣು ಹಿಟ್ಟಿನಷ್ಟು ನುಣುಪು, ಅದರ ತುಂಬ ಸುಣ್ಣ, ಸೂಕ್ಷ್ಮದರ್ಶಕದಲ್ಲಿ ಕಡಲ ಜೀವಿಗಳ ಪುಟಾಣಿ ಚಿಪ್ಪುಗಳು. ಬಯಲಿನ ಮಣ್ಣು ಬರೀ ಮರಳು, ಸುಣ್ಣದ ಸುಳಿವೇ ಇಲ್ಲ. ಬಟ್ಟಲನ್ನು ಸಮುದ್ರದಾಚೆಯ ಮಣ್ಣಿಗೆ ಹೋಲಿಸಿದರೆ ಹೆಚ್ಚುಕಡಿಮೆ ಕೂಡಿಬಂತು. ಬಟ್ಟಲಿನಲ್ಲಿ ಕ್ರೋಮಿಯಂ ಎಂಬ ಲೋಹದ ಅಂಶ ಮಾತ್ರ ತುಸು ಕಡಿಮೆ. ಅಷ್ಟು ವ್ಯತ್ಯಾಸ ಒಂದೇ ಕಾರ್ಖಾನೆಯ ಎರಡು ಬಟ್ಟಲುಗಳ ನಡುವೆಯೂ ಇರುತ್ತದೆ.

ವರದಿ ಕಳಿಸುವ ಮೊದಲು ಅವಳು ಅಣ್ಣನ ಮನೆಗೆ ಹೋದಳು. ಅತ್ತಿಗೆ ಅವಳ ಮುಖ ನೋಡಿದವಳೇ ಒಳಗೆ ಸರಿದಳು.

"ಇನ್ನೊಂದ್ಸಲ ನೋಡು ಪುಟ್ಟಿ," ಎಂದ ಅಣ್ಣ.

"ಎಷ್ಟೋ ಸಲ ನೋಡ್ದೆ ಅಣ್ಣ. ಅದು ಇಲ್ಲಿನ ಮಣ್ಣಲ್ಲ."

"ಮತ್ತೆ ಆ ಸುಟ್ಟ ನೆಲ?"

ಹಡಗಿನಲ್ಲಿ ಬಂದ ಸರಕು ಇಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದಿರಬಹುದು ಎಂದಳು. ವರದಿ ತಡಮಾಡು ಎಂದು ಅವನು ಕೇಳಿದರೆ ಏನು ಹೇಳಲಿ ಎಂದು ಅವಳು ದಾರಿಯುದ್ದಕ್ಕೂ ಹೆದರಿಕೊಂಡು ಬಂದಿದ್ದಳು. ಅವನು ಕೇಳಲಿಲ್ಲ.

"ಕಳಿಸು," ಎಂದ. "ಸುಳ್ಳು ಬರಿ ಅಂತ ನಿನಗೆ ನಾನು ಹೇಳ್ತೀನಾ?"

ಬಯಲಿಗೆ ಜೆಸಿಬಿಗಳು ಬಂದವು. ಸುಟ್ಟ ನೆಲ ಲಾರಿಗಳಲ್ಲಿ ಎಲ್ಲಿಗೋ ಹೋಯಿತು. ಕಚೇರಿಯಲ್ಲಿ ಅವನಿಗೆ 'ಆವಿಗೆ ಮೇಷ್ಟ್ರು' ಎಂದು ಹೆಸರು ಬಿತ್ತು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಒಂದು ದಿನ ರಾಜೀನಾಮೆ ಕೊಟ್ಟು ಬಂದ. ವರ್ಷಗಳ ನಕ್ಷೆ, ಚಿತ್ರಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟ. ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ತಂಗಿಯ ಮೇಲೆ ಅವನು ಮುನಿಸಿಕೊಳ್ಳಲಿಲ್ಲ. ಅವಳು ಹೋದಾಗಲೆಲ್ಲ ಯಾವ ನಲ್ಲಿ ಬೇಗ ಸೋರುತ್ತದೆ, ಯಾವ ವಾಷರ್ ಬಾಳಿಕೆ ಬರುತ್ತದೆ ಎಂದು ಹೇಳುತ್ತಿದ್ದ. ತಾನು ಕಂಡದ್ದು ಭ್ರಮೆ ಎಂದು ಒಪ್ಪಿಕೊಂಡಿದ್ದ. ಈಗ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ ಎಂದು ಅತ್ತಿಗೆ ಸಮಾಧಾನದಿಂದ ಹೇಳಿದಳು.

ಕೆಲವು ವರ್ಷಗಳ ಮೇಲೆ ಗೋದಾಮಿನ ಒಂದು ಮೂಲೆ ಕುಸಿಯತೊಡಗಿತು. ಎಂಜಿನಿಯರು ಪಾಯದಡಿ ಆಳಕ್ಕೆ ಬೋರು ಕೊರೆಸಿ, ಮೇಲೆ ಬಂದ ಮಣ್ಣನ್ನು ಪರೀಕ್ಷೆಗೆಂದು ಅವಳ ಪ್ರಯೋಗಾಲಯಕ್ಕೇ ಕಳಿಸಿದ. ಕೊಳವೆಯಿಂದ ಜಾರಿ ಬಂದ ಮಣ್ಣು ನೀಲಿ ಬಣ್ಣದ್ದು, ಬೆಣ್ಣೆಯಂತೆ ಮೃದು. ಬೆರಳಲ್ಲಿ ಉಜ್ಜಿ ನೋಡಿದಳು, ಹಿಟ್ಟಿನಷ್ಟು ನುಣುಪು. ಯಾರೂ ಕೇಳಿರದಿದ್ದರೂ ಅದರ ಉಂಡೆ ಕಟ್ಟಿ ಸುಟ್ಟಳು. ನಸುಗೆಂಪಾಯಿತು. ಸುಣ್ಣ ಅಷ್ಟೇ ಇತ್ತು. ಪುಟಾಣಿ ಚಿಪ್ಪುಗಳು ಅವೇ. ಕ್ರೋಮಿಯಂ ಬಟ್ಟಲುಗಳಲ್ಲಿದ್ದಷ್ಟೇ ಕಡಿಮೆ.

ರೋಮನ್ನರ ಕಾಲದಲ್ಲಿ ಹೊಳೆಯು ತನ್ನ ದಂಡೆಯನ್ನು ಆಳಕ್ಕೆ ಕೊರೆದು ಈ ಮಣ್ಣನ್ನು ತೆರೆದಿಟ್ಟಿತ್ತು. ಕುಂಬಾರರು ಅದನ್ನೇ ಬಗೆದು ಬಟ್ಟಲು ಮಾಡಿದ್ದರು. ಆಮೇಲೆ ಶತಮಾನಗಳ ಹೂಳು ಎಲ್ಲವನ್ನೂ ಮುಚ್ಚಿತ್ತು. ಅವಳು ಆಗ ಹೋಲಿಸಿದ್ದು ಮೇಲಿನ ಆ ಹೂಳಿನ ಜೊತೆ. ಈ ಸಲದ ತನ್ನ ಲೆಕ್ಕ ತಪ್ಪಿರಲಿ ಎಂದು ಹಾರೈಸುತ್ತ ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಅಂಕಿಗಳು ಅಲುಗಾಡಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅಣ್ಣನ ಮಾನ ಅವನಿಗೆ ವಾಪಸು ಕೊಟ್ಟಂತಾಗುತ್ತದೆ ಎಂದುಕೊಂಡು ಅಂಗಡಿಗೆ ಹೋದಳು. ಅವನು ವಾಷರುಗಳನ್ನು ಅಳತೆಗೆ ತಕ್ಕಂತೆ ಬೇರೆ ಮಾಡುತ್ತಿದ್ದ. ಅವಳು ಹೇಳುತ್ತಿದ್ದಷ್ಟು ಹೊತ್ತೂ ಕೈ ನಿಲ್ಲಿಸಲಿಲ್ಲ.

"ನೀನು ಹೇಳಿದ್ದೇ ಸರಿ ಅಣ್ಣ. ಅಲ್ಲಿ ಆವಿಗೆ ಇತ್ತು."

ಅವನ ಕೈ ನಿಂತಿತು.

"ಈಗ ಅದು ಎಲ್ಲಿದೆ?" ಎಂದ.

ಕೈಯಲ್ಲಿದ್ದ ವಾಷರನ್ನು ಅದರ ಡಬ್ಬಿಗೆ ಹಾಕಿದ.

"ನಾನು ತಪ್ಪು ಅಂದ್ಕೊಂಡಿದ್ದೆ ಪುಟ್ಟಿ. ತಪ್ಪು ಮಾಡ್ದೋನು ಹೇಗೋ ಬದುಕ್ತಾನೆ, ಅದನ್ನ ಕಲ್ತಿದ್ದೆ. ಸರಿ ಇದ್ದೂ ಎಲ್ಲಾ ನನ್ನ ಕೈಯಾರೆ ಸುಟ್ಟೆ ಅಂತ ಗೊತ್ತಾದ್ಮೇಲೆ ಹೇಗಿರ್ಲಿ, ಅದನ್ನೂ ಹೇಳ್ಕೊಡು."

ಗಿರಾಕಿಯೊಬ್ಬ ಒಳಗೆ ಬಂದ. ಅಣ್ಣ ಅವನ ಕಡೆ ತಿರುಗಿ, ಯಾವ ಸೈಜು ಬೇಕು ಎಂದು ವಿಚಾರಿಸಿದ.

ಅವಳು ತನ್ನ ಹಳೆಯ ವರದಿಗೆ ತಿದ್ದುಪಡಿ ಬರೆದಳು. ಅದು ಅಚ್ಚಾಯಿತು. ಮೇಲಿನವರು ಕಟ್ಟಡ ಎದ್ದಾಗಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು. ಅದು ನಿಜವೂ ಆಗಿತ್ತು. ಕುಸಿದ ಮೂಲೆಯ ಅಡಿಗೆ ಕಂಪನಿ ಕಾಂಕ್ರೀಟು ತುಂಬಿಸಿತು. ಕಚೇರಿಯ ಹಳಬರು ಅಣ್ಣನನ್ನು ಸನ್ಮಾನಕ್ಕೆ ಕರೆದರಂತೆ, ಅವನು ಹೋಗಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಫೋನು ಮಾಡಿದಳು. ಅವನು ಅಂಗಡಿಗೆ ಹೋಗುವುದು ಬಿಟ್ಟಿದ್ದಾನೆ, ತಟ್ಟೆಯ ಮುಂದೆ ಕೂತರೆ ಕೂತೇ ಇರುತ್ತಾನೆ ಎಂದಳು.

"ಸ್ವಲ್ಪ ದಿನ ನೀನು ಈ ಕಡೆ ಬರ್ಬೇಡಮ್ಮ," ಎಂದಳು. "ಬೇಜಾರು ಮಾಡ್ಕೋಬೇಡ. ನೀನು ಬಂದ್ರೆ ಇನ್ನೂ ಜಾಸ್ತಿ ಆಗುತ್ತೆ."

ಆಯಿತು ಅತ್ತಿಗೆ ಎಂದು ಅವಳು ಫೋನು ಇಟ್ಟಳು. ಮೇಜಿನ ಮೇಲೆ ಬೇರೆ ಯಾರದೋ ಅಗೆತದಿಂದ ಬಂದ ಚೂರುಗಳಿದ್ದವು, ಕತ್ತರಿಸಬೇಕಿತ್ತು. ಅವಳಿಗೆ ಕೈ ಏಳಲಿಲ್ಲ.