ಡೀಲರ್ ಹಾಕಿಕೊಟ್ಟ ಹಿಡಿ

ಬೇರೆಯವರು ಹಾಕಿದ ತೂತು ಮುಚ್ಚುವುದು ನನ್ನ ಕಸುಬು. ಹಳೇ ಪಿಕಪ್‌ಗಳು ನನ್ನ ಶೆಡ್ಡಿಗೆ ಬರುತ್ತವೆ. ಆ ಕಾಲದ ಡೀಲರ್‌ಗಳು ಗಾಡಿ ಕಾರ್ಖಾನೆಯಿಂದ ಬಂದದ್ದೇ ತಡ, ಡ್ರಿಲ್ ಹಿಡಿದು ಅದರ ಮೇಲೆ ಬೀಳುತ್ತಿದ್ದರು. ಮುಂದಿನ ಗಾಜಿನ ಮೇಲೆ ಬಿಸಿಲಿಗೊಂದು ತಗಡು, ಬಂಪರ್‌ಗೊಂದು ಕಂಬಿ, ಚಕ್ರದ ಹಿಂದೆ ತಮ್ಮ ಅಂಗಡಿಯ ಹೆಸರಿರುವ ರಬ್ಬರ್ ಪಟ್ಟಿ. ಕೊಳ್ಳುವವನು ಬೇಕು, ಬೇಡ ಅನ್ನುವ ಮೊದಲೇ ಎಲ್ಲ ಹಾಕಿ ಮುಗಿದಿರುತ್ತಿತ್ತು. ಈಗ ಅದನ್ನೆಲ್ಲ ಕಿತ್ತು, ತೂತು ವೆಲ್ಡ್ ಮಾಡಿ, ಉಜ್ಜಿ, ಏನೂ ಆಗಿಲ್ಲವೆಂಬಂತೆ ಬಣ್ಣ ಹೊಡೆಯುವುದು ನನ್ನ ಹಣೆಬರಹ. ಕಣ್ಣು ಉರಿಯುತ್ತದೆ, ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಿಜ ಹೇಳಬೇಕೆಂದರೆ ನನಗೆ ಸಾಕಾಗಿಹೋಗಿದೆ.

ಇಂಥದ್ದರಲ್ಲಿ ನಮ್ಮ ಸೋದರಮಾವ ತಮ್ಮ ಪಿಕಪ್ ತಂದು ಶೆಡ್ಡಿನ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಅದು ಅವರ ಮದುವೆಯಾದ ವರ್ಷ ಕೊಂಡ ಗಾಡಿ. ಅತ್ತೆ, ಗಾಡಿ ಇಬ್ಬರಲ್ಲಿ ಯಾರನ್ನು ಹೆಚ್ಚು ಮುದ್ದು ಮಾಡಿದ್ದಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲು ಹೋಗುವುದಿಲ್ಲ.

"ಹಳೇ ಗಾಡಿಗಳ ಪ್ರದರ್ಶನಕ್ಕೆ ಹಾಕ್ತಿದ್ದೀನಿ ಕಣೋ," ಅಂದರು. "ಕಾರ್ಖಾನೆಯಿಂದ ಬಂದ ಹಾಗೇ ಇರಬೇಕಂತೆ. ಅಂಗಡಿಯವನು ಅಂಟಿಸಿದ್ದೆಲ್ಲ ತೆಗೆದುಹಾಕು. ಒಂದು ಉಳಿದ್ರೂ ಅಂಕ ಕಳೀತಾರೆ."

"ಫುಟ್‌ಬೋರ್ಡು? ಅತ್ತೆಯ ಹಿಡಿ?"

"ಎಲ್ಲಾ ಅಂದ್ನಲ್ಲ."

ಆ ಹಿಡಿಯ ಕಥೆ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅತ್ತೆ ಗಿಡ್ಡ, ಗಾಡಿ ಎತ್ತರ. ಡೀಲರ್ ಅಂಗಡಿಯ ಫಿಟ್ಟರ್ ಹೊಸ ಮದುಮಗಳನ್ನು ಎಡಬಾಗಿಲಿನ ಹತ್ತಿರ ನಿಲ್ಲಿಸಿ, "ಕೈ ಎತ್ತಮ್ಮ" ಅಂದನಂತೆ. ಬಾಗಿಲ ಪಕ್ಕ ಗಾಡಿಯ ಚಾವಣಿ ಹೊರುವ ಕಂಬದ ಮೇಲೆ ಅವರ ಬೆರಳು ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಲ್ಲೇ ಹಿಡಿ ಕೂರಿಸಿದನಂತೆ. ಹೇಳುವಾಗಲೆಲ್ಲ ಅತ್ತೆ ಕೈ ಎತ್ತಿ ತೋರಿಸುತ್ತಿದ್ದರು. ಈಚೆಗೆ ಬಾಯಲ್ಲಿ ಮಾತ್ರ ಹೇಳುತ್ತಿದ್ದರು.

"ಮತ್ತೆ ಅತ್ತೆ ಹೇಗೆ ಹತ್ತೋದು ಮಾವ?"

"ಅವಳನ್ನ ಕೇಳಿದ್ದೀನಿ. ನಿಮ್ಮಿಷ್ಟ ಅಂದ್ಲು."

ಅತ್ತೆಯ 'ನಿಮ್ಮಿಷ್ಟ' ಕೇಳುತ್ತಾ ಬೆಳೆದವನು ನಾನು. ಅಷ್ಟು ಹೊತ್ತಿಗೆ ಅವರಿಗೆ ಸುಸ್ತಾಗಿರುತ್ತದೆ ಅಂತಷ್ಟೇ ಅದರ ಅರ್ಥ. ಆದರೆ ಹಿಡಿದ ಪಟ್ಟು ಬಿಡದ ಮಾವನ ಜೊತೆ ಜಗ್ಗಾಡಲು ನನ್ನಲ್ಲೂ ತ್ರಾಣವಿರಲಿಲ್ಲ. ಹಿಡಿ ಬಿಚ್ಚಿದೆ. ಹೊಳಪು ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು, ಹಿಂಬದಿಗೆ ಜೇಡ ಬಲೆ ಕಟ್ಟಿತ್ತು. ಬಲೆ ಒರೆಸಿ ಹಿಡಿಯನ್ನು ಡ್ರಾಯರಿಗೆ ಹಾಕಿದೆ. ತೂತುಗಳನ್ನು ಎಷ್ಟು ಚೆನ್ನಾಗಿ ಮುಚ್ಚಿದೆನೆಂದರೆ ಬಣ್ಣ ಒಣಗಿದ ಮೇಲೆ ನನಗೇ ಗುರುತು ಸಿಗಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಬಂದರು. ಅತ್ತೆ ಒಳ್ಳೆಯ ಬಟ್ಟೆ ಉಟ್ಟಿದ್ದರು. ಮಾವ ಸೀದಾ ಸ್ಟೀರಿಂಗ್ ಮುಂದೆ ಕೂತು ಗಾಡಿ ಸ್ಟಾರ್ಟ್ ಮಾಡಿದರು. ಅತ್ತೆ ಬಾಗಿಲು ತೆಗೆದು ಕಿಟಕಿಯ ಅಂಚು ಹಿಡಿದು ಕಾಲು ಎತ್ತಿದರು. ಕೆಳಗೆ ಫುಟ್‌ಬೋರ್ಡ್ ಇಲ್ಲ. ಬಾಗಿಲು ಆ ಕಡೆ ಈ ಕಡೆ ಆಡಿತು. ಕಾಲು ಕೆಳಗಿಟ್ಟು, ಉಸಿರು ತಗೊಂಡು, ಮತ್ತೆ ಎತ್ತಿದರು. ನಾನು ಓಡಿ ಹೋದೆ.

"ಬೇಡ ಬಿಡಪ್ಪ," ಅಂದರು. "ನೀನು ಇಲ್ಲಿ ಹತ್ತಿಸ್ತೀಯ. ಅಲ್ಲಿ ಅಷ್ಟು ಜನರ ಮುಂದೆ ಇಳಿಸೋರು ಯಾರು?"

"ಹೊತ್ತಾಯ್ತು ಕಣೇ," ಒಳಗಿನಿಂದ ಮಾವ.

"ನೀವು ಹೋಗಿ ಬನ್ನಿ," ಅಂದು ಅತ್ತೆ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಬಣ್ಣಕ್ಕೆ ಏನೂ ಆಗದ ಹಾಗೆ.

ಮಾವನಿಗೆ ಕಪ್ ಬಂತು. ಆದರೆ ಅತ್ತೆ ಆ ದಿನದಿಂದ ಗಾಡಿಯ ಹತ್ತಿರ ಸುಳಿಯಲಿಲ್ಲ. ಆಸ್ಪತ್ರೆಗೆ ಬಸ್ಸು, ತಂಗಿಯ ಮನೆಗೆ ಬಸ್ಸು. ಜಗಳವಿಲ್ಲ, ಮುನಿಸಿಲ್ಲ, ಬಿಸಿಬಿಸಿ ಊಟಕ್ಕೂ ಕೊರತೆಯಿಲ್ಲ. ಅದೇ ಮಾವನನ್ನು ಸುಸ್ತು ಮಾಡಿತು. ಒಂದು ಮಧ್ಯಾಹ್ನ ಬಂದು ನನ್ನ ಸ್ಟೂಲಿನ ಮೇಲೆ ಕುಸಿದು ಕೂತರು.

"ಪಕ್ಕದ ಸೀಟು ಖಾಲಿ ಇದ್ರೆ ಓಡಿಸೋಕೇ ಬೇಜಾರು ಕಣೋ. ಎಲ್ಲಾ ವಾಪಸ್ ಹಾಕು."

"ಮುಂದಿನ ಸಲ ಕಪ್ ಸಿಗಲ್ಲ."

"ಹಾಳಾಗ್ ಹೋಗ್ಲಿ."

ಅತ್ತೆಯನ್ನು ಹೇಗೆ ಒಪ್ಪಿಸಿದರೋ, ಮರುದಿನ ಕರೆತಂದರು. ಫುಟ್‌ಬೋರ್ಡ್ ಆಗಲೇ ಹಾಕಿಟ್ಟಿದ್ದೆ. ಹಿಡಿ ಎಲ್ಲಿತ್ತೆಂದು ಕಂಬದ ಮೇಲೆ ಎಷ್ಟು ಸವರಿದರೂ ಗೊತ್ತಾಗಲಿಲ್ಲ. ನನ್ನ ಕೆಲಸ ನನಗೇ ಕೈಕೊಟ್ಟಿತ್ತು. ಸೀಮೆಸುಣ್ಣ ತಂದೆ.

"ಆವತ್ತಿನ ಹಾಗೇ ಕೈ ಎತ್ತಿ ಅತ್ತೆ. ಗೆರೆ ಎಳೀತೀನಿ."

ಅತ್ತೆ ಕೈ ಎತ್ತಿದರು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಮುಖ ಕಿವುಚಿ ಬೆರಳನ್ನು ಕಂಬಕ್ಕೆ ಒತ್ತಿಹಿಡಿದರು.

"ಇನ್ನೂ ಮೇಲೆ ಕಣೇ," ಮಾವ ಮುಂದೆ ಬಂದು ತಮ್ಮ ಬೆರಳಿಟ್ಟು ತೋರಿಸಿದರು. "ಇಲ್ಲಿತ್ತು. ನನಗೆ ಚೆನ್ನಾಗಿ ನೆನಪಿದೆ."

"ಇಷ್ಟೇ ರೀ ಬರೋದು."

"ಯಾವಾಗಿಂದ?"

"ಎರಡು ವರ್ಷ ಆಯ್ತೇನೋ. ಆ ಹಿಡಿ ಮುಟ್ಟೇ ಇಲ್ಲ ನಾನು, ಕಿಟಕಿ ಹಿಡ್ಕೊಂಡು ಹತ್ತುತ್ತಿದ್ದೆ. ನೀವು ಆ ಕಡೆ ಕನ್ನಡಿ ಒರೆಸ್ತಾ ಇರ್ತಿದ್ರಿ." ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಬೇಗ ಗೆರೆ ಎಳಿಯಪ್ಪ. ಕೈ ನೋಯ್ತಿದೆ."

ಅತ್ತೆಯ ಬೆರಳು ಇದ್ದಲ್ಲಿ ಗೆರೆ ಎಳೆದೆ. ಅವರು ಕೈ ಇಳಿಸಿ ಭುಜ ಒತ್ತಿಕೊಂಡರು. ಮಾವನ ಬೆರಳು ಇನ್ನೂ ಮೇಲೆಯೇ ಇತ್ತು.