ಬೆಕ್ಕಿಗೆ ಒಂದು ಹಿಡಿ ನೆಲ

ಬೆಕ್ಕು ಟ್ರೇಯೊಳಗೆ ಇಳಿದು, ಕಾಗದದ ಚೂರುಗಳ ಮೇಲೆ ಎರಡು ಸುತ್ತು ಸುತ್ತಿ, ಮೂತಿಯನ್ನು ಬಾಲದೊಳಗೆ ಹುದುಗಿಸಿಕೊಂಡು ಮಲಗಿಬಿಟ್ಟಿತು. ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ ತಾಯಿ ಮಗಳು ಮುಖ ಮುಖ ನೋಡಿಕೊಂಡರು.

“ಅಮ್ಮ, ಅದು ಹಾಸಿಗೆ ಅಂದ್ಕೊಂಡಿದೆ,” ಎಂದಳು ಮಗಳು. ಅಷ್ಟರಲ್ಲೇ ಕೆಮ್ಮು ಬಂತು. ಕೆಮ್ಮಿನ ಕೊನೆಗೆ ಎದೆಯೊಳಗಿಂದ ಸಣ್ಣಗೆ ಒಂದು ಸಿಳ್ಳೆ.

ಆ ಸಿಳ್ಳೆ ಶುರುವಾಗಿ ಎರಡು ತಿಂಗಳಾಗಿತ್ತು. ಬೆಕ್ಕಿನ ಕೂದಲು ಹುಡುಗಿಗೆ ಒಗ್ಗುವುದಿಲ್ಲವೇ ಎಂದು ಮಾಡಿದ ಪರೀಕ್ಷೆಯಲ್ಲಿ ಏನೂ ಸಿಗದೆ, ಡಾಕ್ಟರು ಮನೆಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳುತ್ತಾ ಹೋಗಿ, ಬೆಕ್ಕಿನ ಮಲಮೂತ್ರಕ್ಕೆಂದು ಟ್ರೇಗೆ ಸುರಿಯುವ ಜೇಡಿಮಣ್ಣಿನ ಹರಳಿನ ಮಾತಿಗೆ ಬಂದು ನಿಂತಿದ್ದರು. ಬೆಕ್ಕು ಕೆರೆದಾಗಲೆಲ್ಲ ಅದರಿಂದ ದೂಳು ಏಳುತ್ತದೆ, ಮೊದಲು ಅದನ್ನು ನಿಲ್ಲಿಸಿ ನೋಡೋಣ ಎಂದಿದ್ದರು. ಅತ್ತೆಯ ಕಿವಿಗೆ ಮಾತ್ರ ಬೇರೆಯೇ ಕೇಳಿಸಿತ್ತು. ಹರಳು ಹೋದ ಮೇಲೆ ಬೆಕ್ಕು ಯಾಕೆ ಎಂದು ಅವರು ಹಾಲಿನವಳಿಗೆ ಮಾತು ಕೊಟ್ಟು ಬಂದಿದ್ದರು. ಭಾನುವಾರ ಬೆಳಿಗ್ಗೆ ಬಂದು ಒಯ್ಯುತ್ತಾಳೆ. ಇವತ್ತು ಶುಕ್ರವಾರ.

ಕಾಗದ ಹಾಕುವುದು ತಾಯಿಯದೇ ಉಪಾಯ. ಅವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಅಂಚು ಕತ್ತರಿಸುವ ಯಂತ್ರದಡಿ ಮೂಟೆಗಟ್ಟಲೆ ಚೂರು ಬೀಳುತ್ತಿತ್ತು. ದೂಳಿಲ್ಲ, ಜೇಡಿಮಣ್ಣಿಗಾಗಿ ಯಾವ ಗುಡ್ಡವನ್ನೂ ಅಗೆಯಬೇಕಿಲ್ಲ, ನೆನೆದರೆ ಕೊಳೆತು ಮಣ್ಣಾಗುತ್ತದೆ. ಅರೆನಿದ್ದೆಯಲ್ಲಿ ಹಾಳೆ ಮಡಿಸುತ್ತಾ ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದನ್ನು ಮರೆತಿದ್ದಳು. ಈ ಬೆಕ್ಕು ಹುಟ್ಟಿದ್ದೇ ಆ ಚೂರಿನ ಮೂಟೆಯಲ್ಲಿ. ಕಣ್ಣು ಬಿಡುವ ಮೊದಲೇ ಅದರ ಮೂಗಿಗೆ ಹತ್ತಿದ್ದು ಕಾಗದ ಮತ್ತು ಅಂಟಿನ ವಾಸನೆ. ಮನುಷ್ಯರ ಮಕ್ಕಳು ತೊಟ್ಟಿಲಲ್ಲೇ ಎಲ್ಲ ಮುಗಿಸಿಕೊಳ್ಳುತ್ತವೆ. ಬೆಕ್ಕಿಗೆ ಅಷ್ಟು ನಾಚಿಕೆಗೇಡುತನ ಬರಲಿಲ್ಲ.

ಸಂಜೆ ಅತ್ತೆ ಬಾಲ್ಕನಿಯಿಂದ ಕರೆದರು. “ನಿನ್ನ ಮಹಾರಾಣಿ ಎಲ್ಲಿಗೆ ಹೋಗಿದ್ಲು, ಬಂದು ನೋಡು.”

ಹೂವಿನ ಕುಂಡದಲ್ಲಿ ಗಿಡ ವಾಲಿಕೊಂಡಿತ್ತು. ಬೆಕ್ಕು ಬುಡದ ಒದ್ದೆ ಮಣ್ಣನ್ನು ಕೆದಕಿ, ಮತ್ತೆ ನೀಟಾಗಿ ಮುಚ್ಚಿತ್ತು. ತಾಯಿ ಬೆರಳಲ್ಲಿ ಆ ಮಣ್ಣು ಮುಟ್ಟಿ ನೋಡಿದಳು.

“ಅದಕ್ಕೆ ಬೇಕಾಗಿರೋದು ಅಗೆಯೋಕಾಗೋ ನೆಲ, ಅತ್ತೆ.”

“ಹಾಲಿನವಳ ಹಿತ್ತಲಲ್ಲಿ ಬೇಕಾದಷ್ಟಿದೆ.”

ಶನಿವಾರ ಕೆಲಸ ಬಿಟ್ಟು ಬರುವಾಗ ತಾಯಿ ಸಾಕುಪ್ರಾಣಿಗಳ ಅಂಗಡಿಗೆ ಹೋದಳು. ಕೈಲಿದ್ದ, ಪುಸ್ತಕದ ರಟ್ಟಿಗೆ ಅಂಟಿಸುವ ಕಪ್ಪು ಬಟ್ಟೆಯ ತುಂಡನ್ನು ಮೇಜಿನ ಮೇಲೆ ಹಾಸಿ, ಟ್ರೇಗೆ ಸುರಿಯುವ ಒಂದೊಂದು ಮಾದರಿಯನ್ನೂ ಅದರ ಮೇಲೆ ಉದುರಿಸಿ, ಕೊಡವಿ, ಉಳಿದ ದೂಳಿನ ಬಿಳುಪನ್ನು ನೋಡಿದಳು. ಹೀಗೆ ಕೊಳ್ಳುವವರನ್ನು ತಾನು ಕಂಡಿಲ್ಲ ಎಂದು ಅಂಗಡಿಯಾಕೆ ನಕ್ಕಳು. ಜೋಳದಿಂದ ಮಾಡಿದ ಹರಳು ಚೆನ್ನಾಗಿತ್ತು, ಆದರೆ ಹುಳ ಹಿಡಿಯುತ್ತದಂತೆ. ಕೊನೆಗೆ ಉಳಿದದ್ದು ಮರದ ಗುಳಿಗೆ: ಮರ ಕೊಯ್ಯುವಲ್ಲಿ ಮಿಕ್ಕ ಹೊಟ್ಟನ್ನು ಒಣಗಿಸಿ ಒತ್ತಿದ್ದು, ಅಂಟು ಸೇರಿಸದ್ದು. ಗುಳಿಗೆ ಕಾಲಿಗೆ ಚುಚ್ಚುತ್ತದೆ ಎಂದು ಕೆಲವು ಬೆಕ್ಕು ಹತ್ತುವುದಿಲ್ಲ, ಅದು ಮಾತ್ರ ನಿಮ್ಮ ಅದೃಷ್ಟ ಎಂದಳು ಅಂಗಡಿಯಾಕೆ.

ಮನೆಗೆ ಬಂದು ಟ್ರೇಗೆ ಗುಳಿಗೆ ಸುರಿದು, ಕುಂಡದ ಒದ್ದೆ ಮಣ್ಣು ನೆನಪಾಗಿ, ತಾಯಿ ಬಿಸಿನೀರು ಚಿಮುಕಿಸಿದಳು. ಗುಳಿಗೆಗಳು ಸಣ್ಣಗೆ ಚಿಟಿಗುಟ್ಟಿದವು. ಬಿರಿದವು, ಉಬ್ಬಿದವು, ಮೆಲ್ಲಗೆ ಹೊಟ್ಟಾಗಿ ಕುಸಿದವು. ಬಚ್ಚಲ ತುಂಬ ಮರದ ವಾಸನೆ ಹರಡಿತು. ನಲ್ಲಿ, ಬಕೆಟ್ಟು, ಸೋಪಿನ ಡಬ್ಬಿ ಎಲ್ಲವೂ ಕಾಡಿನೊಳಗೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಕಂಡವು.

“ಅದು ವಾಪಸ್ಸು ಮರ ಆಗ್ತಿದೆಯಾ?” ಎಂದು ಪಿಸುಗುಟ್ಟಿದಳು ಮಗಳು.

“ಇಲ್ಲ ಕಣೆ. ಮಣ್ಣಾಗೋಕೆ ಹೊರಟಿದೆ.”

ಬೆಕ್ಕು ಬಂದು ಮೂಸಿತು. ಒಂದು ಕಾಲಿಟ್ಟು ಎತ್ತಿ ಕೊಡವಿಕೊಂಡು ಹೊರಟುಹೋಯಿತು.

ಭಾನುವಾರ ಬೆಳಿಗ್ಗೆ ತಾಯಿ ಬೆಕ್ಕು ಕುಂಡದ ಕಡೆ ಹೋಗದಂತೆ ಬಾಲ್ಕನಿಯ ಬಾಗಿಲು ಹಾಕಿ, ಬಚ್ಚಲ ಗೋಡೆಗೆ ಒರಗಿ ಕೂತಳು. ವಾರದ ಆಯಾಸವೆಲ್ಲ ಕಣ್ಣಿಗೆ ಇಳಿಯಿತು. ಕನಸಿನಲ್ಲಿ ಎಲ್ಲೋ ಅವಳು ಪುಸ್ತಕವೊಂದನ್ನು ಹೊಲಿಯುತ್ತಿದ್ದಳು. ಅದರ ಹಾಳೆಗಳು ಮೆತ್ತಗೆ, ತೇವವಾಗಿದ್ದವು. ಸೂಜಿ ಚುಚ್ಚಿದಲ್ಲೆಲ್ಲ ಬೇರು ಬಿಡುತ್ತಿತ್ತು. ಯಾರೋ ಒಳಗಿನಿಂದ ಹಾಳೆಗಳನ್ನು ಕೆರೆಯುತ್ತಿದ್ದರು, ಪರಪರ, ನಿಧಾನವಾಗಿ, ನಿಲ್ಲಿಸಿ ಮತ್ತೆ. ಕಣ್ಣು ಬಿಟ್ಟಾಗ ಟ್ರೇಯ ಒಂದು ಮೂಲೆಯಲ್ಲಿ ಹೊಟ್ಟು ಸಣ್ಣ ದಿಬ್ಬವಾಗಿ ಒಟ್ಟುಗೂಡಿತ್ತು. ಬೆಕ್ಕು ಇರಲಿಲ್ಲ.

ಎದ್ದು ಬಂದಳು. ಕೋಣೆಯಲ್ಲಿ ಅತ್ತೆ, ಕೈಯಲ್ಲಿ ಪೊರಕೆ ಹಿಡಿದೇ, ಮಲಗಿದ್ದ ಮೊಮ್ಮಗಳ ಎದೆಯ ಮೇಲೆ ಬಗ್ಗಿ ಕಿವಿಯಿಟ್ಟಿದ್ದರು. ಸಿಳ್ಳೆ ಇತ್ತು, ಹುಡುಕಿದರೆ ಮಾತ್ರ ಸಿಗುವಷ್ಟು. ಹುಡುಗಿಯ ಕಾಲ ಬಳಿ ಬೆಕ್ಕು ಪಂಜ ನೆಕ್ಕಿಕೊಳ್ಳುತ್ತಿತ್ತು.

ಬಾಗಿಲ ಬೆಲ್ಲು ಆಯಿತು. ಅತ್ತೆ ನಡುಮನೆಗೆ ಬಂದು ನಿಂತರು. ಬಚ್ಚಲಿಂದ ಕೋಣೆಯವರೆಗೆ, ಬಿಸಿಲು ಬಿದ್ದ ನೆಲದ ಮೇಲೆ ಒದ್ದೆ ಹೊಟ್ಟಿನ ಪುಟ್ಟ ಪುಟ್ಟ ಹೆಜ್ಜೆಗಳು. ಪೊರಕೆ ಒಮ್ಮೆ ನೆಲದ ತನಕ ಇಳಿದು ಅಲ್ಲೇ ನಿಂತಿತು. ಆಮೇಲೆ ಅವರು ಅದನ್ನು ಗೋಡೆಗೆ ಒರಗಿಸಿ, ಸೆರಗು ಸರಿಮಾಡಿಕೊಂಡು, ಬಾಗಿಲು ತೆಗೆದರು.

“ಪಾಪ, ಅಷ್ಟು ದೂರದಿಂದ ಸುಮ್ನೆ ಬಂದ ಹಾಗಾಯ್ತು ನಿಂಗೆ,” ಎಂದರು ಹಾಲಿನವಳಿಗೆ. “ಬಾ, ಕೂತು ಏನಾದ್ರೂ ಕುಡಿದು ಹೋಗು. ಆ ಕಡೆಯಿಂದ ಬಾ, ಇಲ್ಲಿ ತುಳೀಬೇಡ.”

ಇಬ್ಬರೂ ಹೆಂಗಸರು ಗೋಡೆಗೆ ಅಂಟಿಕೊಂಡು, ಒಬ್ಬರ ಹಿಂದೊಬ್ಬರು, ಸದ್ದಿಲ್ಲದೆ ಅಡುಗೆಮನೆಯ ಕಡೆ ಹೋದರು.